ಗೂಟದ ಮೇಲಿನ ಪಗಡಿ

ಮೊದಲು ಕರ್ಪೂರದ ವಾಸನೆ ಬಂತು. ಆಮೇಲೆ ಹಳೇ ಬಟ್ಟೆಯದು, ಅದರ ಹಿಂದೆ ಸಣ್ಣಗೆ ತಲೆಯೆಣ್ಣೆಯದು. ಸೊಸೆ ಪೆಟ್ಟಿಗೆಯ ತಳದಿಂದ ಒಂದು ಗಂಟು ತೆಗೆದು ಬಿಚ್ಚಿದಳು. ನನ್ನ ಯಜಮಾನರ ಪಗಡಿ. ಪುಣೆಯ ಗಂಡಸರು ತಲೆಗೆ ಇಟ್ಟುಕೊಳ್ಳುತ್ತಿದ್ದ, ಚಕ್ರದ ಹಾಗೆ ಸುತ್ತಿ ಹೊಲಿದ ಕೆಂಪು ಪಗಡಿ. ಈಗ ಅದನ್ನು ಯಾರೂ ಇಡುವುದಿಲ್ಲ. ಬಿಳಿ ಟೋಪಿ, ಇಲ್ಲವೆ ಕರಿ ಟೋಪಿ, ಇಲ್ಲವೆ ಬರೀ ತಲೆ. ನಾಟಕದವರು ಕೇಳುತ್ತಿದ್ದಾರೆ, ಕೊಟ್ಟುಬಿಡೋಣ ಅಂತ ಮಗ ಹೇಳಿದ. ಕೊಡು ಅಂದೆ. ಪೆಟ್ಟಿಗೆಯಲ್ಲಿ ಹುಳ ತಿನ್ನುವುದಕ್ಕಿಂತ ಯಾವನಾದರೂ ದಿವಾನನ ಪಾರ್ಟು ಮಾಡುವವನ ತಲೆಯ ಮೇಲೆ ಕೂತಿರಲಿ.

ವಾಸನೆ ಹೋಗಲೆಂದು ಅದನ್ನು ಗೋಡೆಯ ಗೂಟಕ್ಕೆ ಹಾಕಿದೆ. ಜೊತೆಯಲ್ಲಿದ್ದ ಬಿಳಿ ಉತ್ತರೀಯವನ್ನು ಅದರ ಕೆಳಗೆ ಇಳಿಬಿಟ್ಟೆ. ಅವರು ಕಚೇರಿಯಿಂದ ಬಂದವರೇ ಹಾಗೆ ಹಾಕುತ್ತಿದ್ದರು. ಹಾಕಿ ಹಿಂದೆ ಸರಿದು ನೋಡಿದಾಗ ಯಜಮಾನರಿಗಿಂತ ಮೊದಲು ಅಕ್ಕ ನೆನಪಾದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ವಾಡೆಯಲ್ಲಿ ನಮ್ಮ ಎದುರು ಮನೆಯ ಹುಡುಗಿ. ವಾಡೆ ಅಂದರೆ ನಡುವೆ ಅಂಗಳ, ಸುತ್ತ ನಾಲ್ಕೂ ಕಡೆ ಬಾಡಿಗೆ ಮನೆಗಳು, ಎಲ್ಲರಿಗೂ ಒಂದೇ ದೊಡ್ಡ ಬಾಗಿಲು, ಒಂದೇ ನೀರಿನ ತೊಟ್ಟಿ. ಯಾರ ಮನೆಯಲ್ಲಿ ಏನು ಸೀದರೂ ಎಲ್ಲರಿಗೂ ಗೊತ್ತು. ಮುಪ್ಪಿನಲ್ಲಿ ಮೊಮ್ಮಗಳ ಪಾಟಿಯ ಮೇಲೆ ಅಕ್ಷರ ತೀಡಿ ಕಲಿತವಳು ನಾನು. ಬರೆದದ್ದು ಅಂಕುಡೊಂಕಾಗಿದ್ದರೆ ಓದುವವರೇ ನೇರ ಮಾಡಿಕೊಳ್ಳಬೇಕು.

ಧಾರವಾಡದ ಹತ್ತಿರದ ಹಳ್ಳಿಯಿಂದ ನನ್ನನ್ನು ಪುಣೆಗೆ ತಂದು ಬಿಟ್ಟಾಗ ನಾನಿನ್ನೂ ಲಂಗ ಬಿಟ್ಟು ಸೀರೆ ಉಡಲು ಕಲಿಯುತ್ತಿದ್ದ ವಯಸ್ಸಿನವಳು. ಪ್ಲೇಗು ಇಳಿದು, ಊರ ಹೊರಗಿನ ಗುಡಿಸಲಿಗೆ ಹೋಗಿದ್ದವರೆಲ್ಲ ತಿರುಗಿ ಮನೆ ಸೇರಿದ್ದ ಕಾಲ. ಮರಾಠಿ ನನಗೆ ಒಂದು ಅಕ್ಷರ ಬರುತ್ತಿರಲಿಲ್ಲ. ತೊಟ್ಟಿಯ ಹತ್ತಿರ ಹೆಂಗಸರು ಮಾತಾಡಿದರೆ ಹಂಚಿನ ಮೇಲೆ ಜೋಳ ಹುರಿದ ಹಾಗೆ ಕೇಳುತ್ತಿತ್ತು. ಎಲ್ಲಿ ಒಂದು ಮಾತು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು, ಏನೂ ತಿಳಿಯದು. ನನ್ನನ್ನು ನೋಡಿ ನಗುತ್ತಿದ್ದಾರೋ, ನನ್ನನ್ನು ಬಿಟ್ಟು ಬೇರೆ ಯಾವುದಕ್ಕೋ ನಗುತ್ತಿದ್ದಾರೋ ಅದೂ ತಿಳಿಯದು. ಕೊಡ ತುಂಬುವುದು, ತಲೆ ತಗ್ಗಿಸಿ ಬರುವುದು.

ಎದುರು ಮನೆಯವರು ನಮ್ಮ ಕಡೆಯವರೇ. ಬೆಳಗಾವಿ ಸೀಮೆಯಿಂದ ಅವರ ಅಜ್ಜನ ಕಾಲಕ್ಕೆ ಬಂದವರು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತಂದೆಗೆ ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ. ಅವರನ್ನು ಕಾಕಾ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕೂ. ಹಿರಿಯ ಮಗಳು ಈ ಅಕ್ಕ. ಅವಳ ಕೆಳಗೆ ಇನ್ನೊಬ್ಬಳು ಮಗಳು. ಅಕ್ಕನಿಗೆ ಮದುವೆಯ ವಯಸ್ಸು ಎಂದೋ ದಾಟಿತ್ತು. ಹುಟ್ಟಿದಾಗಿನಿಂದ ಎರಡೂ ಕಣ್ಣಿನಲ್ಲಿ ಹಾಲಿನ ಕೆನೆಯಂಥ ಪೊರೆ. ಹಗಲು, ಕತ್ತಲೆ ಅಷ್ಟು ತಿಳಿಯುತ್ತಿತ್ತು. ಉಳಿದದ್ದು ಇಲ್ಲ.

ಇಲ್ಲ ಅಂತ ನಾವು ಅನ್ನಬೇಕು. ಅವಳಿಗೆ ಏನೂ ಕಡಿಮೆ ಬಿದ್ದದ್ದು ನಾನು ನೋಡಲಿಲ್ಲ. ಅಕ್ಕಿಯಲ್ಲಿಯ ಹರಳು ಬೆರಳಿನಿಂದ ತೆಗೆಯುತ್ತಿದ್ದಳು. ಜೋಳದ ಭಕ್ಕರಿ ಬೆಂದದ್ದು ಸಪ್ಪಳದಿಂದ ತಿಳಿಯುತ್ತಿತ್ತು. ಅಂಗಳದಲ್ಲಿ ಯಾರು ನಡೆದರೂ ಹೆಸರು ಹಿಡಿದು ಕೂಗುತ್ತಿದ್ದಳು. ನನಗೆ ಮರಾಠಿ ಹಿಡಿಸಿದವಳೂ ಅವಳೇ. ಒಂದು ದಿನ ತೊಟ್ಟಿಯ ಕಟ್ಟೆಯ ಮೇಲೆ ನಾನು ಅಳುತ್ತಾ ಕೂತಿದ್ದೆ. ಸಪ್ಪಳ ಮಾಡದೆ ಅಳುತ್ತಿದ್ದೆ. ಅವಳಿಗೆ ಹೇಗೆ ತಿಳಿಯಿತೋ.

"ಯಾಕಳ್ತೀ ಹುಡುಗೀ? ಮೂಗು ಏರಿಸೋ ಸಪ್ಪಳ ಪಡಸಾಲಿ ತನಕ ಬರ್ಲಿಕ್ಕತ್ತದ."

"ಇವರಂದದ್ದು ನಂಗೇನೂ ತಿಳಿಯೂದಿಲ್ಲ ಅಕ್ಕಾ."

"ಎಲ್ಲಾ ಒಮ್ಮೆಲೆ ಹಿಡೀಲಿಕ್ಕೆ ಹೋದ್ರ ಯಾರಿಗೂ ತಿಳಿಯೂದಿಲ್ಲ. ಒಂದ ಮಾತು ಹಿಡಿ, ಉಳಿದದ್ದು ಬಿಟ್ಟಬಿಡು. ಇವತ್ತು 'ಪಾಣಿ' ಹಿಡಿ. ಪಾಣಿ ಅಂದ್ರ ನೀರು. ಬರೇ ಅದನ್ನ ಕೇಳ್ಕೋತ ಕೂಡು."

ಕೂತೆ. ಸ್ವಲ್ಪ ಹೊತ್ತಿಗೆ ಆ ಗದ್ದಲದಲ್ಲಿ ಪಾಣಿ ಅನ್ನುವುದು ಬೇರೆಯಾಗಿ ಕೇಳತೊಡಗಿತು, ಅನ್ನದಲ್ಲಿ ಹರಳು ಸಿಕ್ಕಿದ ಹಾಗೆ. ಮರುದಿನ ಇನ್ನೊಂದು ಮಾತು. ಮಳೆಗಾಲ ಮುಗಿಯುವಷ್ಟರಲ್ಲಿ ಜೋಳ ಹುರಿಯುವುದು ನಿಂತಿತು. ಹೆಂಗಸರು ಮಾತಾಡುತ್ತಿದ್ದರು, ಅಷ್ಟೇ. ನನ್ನನ್ನೇ ನೋಡಿ ನಗುತ್ತಿದ್ದರು ಅನ್ನುವುದೂ ತಿಳಿಯಿತು.

ಆ ವರ್ಷವೇ ಕಾಕಾ ಅಕ್ಕನನ್ನು ರೇಲ್ವೆಯಲ್ಲಿ ದೂರದ ಒಂದು ಮಿಷನ್ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿಯ ಗೋರಾ ಸಾಹೇಬ ಡಾಕ್ಟರು ಹುಟ್ಟುಪೊರೆಯನ್ನೂ ತೆಗೆಯುತ್ತಾನೆ ಅಂತ ಕಚೇರಿಯಲ್ಲಿ ಯಾರೋ ಹೇಳಿದ್ದರಂತೆ. ವಾಡೆಯಲ್ಲಿ ಹತ್ತು ಬಾಯಿ ಹತ್ತು ಮಾತು. ಕಾಕೂ ಮಾತ್ರ ಸಂಕಷ್ಟಿ ಹಿಡಿದು ಉಪವಾಸ ಕೂತಳು. ಅವಳಿಗೆ ಮಗಳ ಕಣ್ಣಿಗಿಂತ ಮಗಳ ಮದುವೆ ಮುಖ್ಯ. ಹಿರಿಯಳದು ಆಗದೆ ಕಿರಿಯಳದು ಆಗುವ ಹಾಗಿಲ್ಲ. ಅದನ್ನು ತಪ್ಪು ಅನ್ನಲಾರೆ.

ಅಕ್ಕ ತಿರುಗಿ ಬಂದಾಗ ಕಣ್ಣಿಗೆ ದಪ್ಪ ಗಾಜಿನ ಚಷ್ಮಾ. ಪೊರೆ ಹೋಗಿತ್ತು. ವಾಡೆಗೆ ವಾಡೆಯೇ ನೋಡಲು ಸೇರಿತು. ಕಾಕೂ ಮಗಳ ಮುಂದೆ ನಿಂತು, "ನೋಡವಾ, ನಾ ಯಾರು?" ಅಂತ ಕೇಳಿದಳು. ದನಿ ಕೇಳಿದರೆ ಯಾರಾದರೂ ಹೇಳುತ್ತಾರೆ. "ಅವ್ವ," ಅಂದಳು ಅಕ್ಕ. ಎಲ್ಲರೂ ದೇವರಿಗೆ ಕೈ ಮುಗಿದರು. ಅಕ್ಕನ ಮುಖ ತಾಯಿಯ ಕಡೆ ಇರಲೇ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಬಾಗಿಲಿನ ಹಿತ್ತಾಳೆಯ ಚಿಲಕವನ್ನು ನೋಡುತ್ತಿದ್ದಳು.

ಕಣ್ಣು ಬಂದರೆ ಕಾಣುತ್ತದೆ ಅಂತ ನಾವೆಲ್ಲ ತಿಳಿದಿದ್ದೆವು. ಹಾಗಲ್ಲವಂತೆ.

"ಎಲ್ಲಾ ಮಾರಿಗೆ ಅಂಟಿಕೊಂಡಂಗ ಅದ," ಅಂದಳು ನನ್ನೊಬ್ಬಳಿಗೆ. "ಬಣ್ಣ ಬಣ್ಣದ ಚಿಂದಿ ತಂದು ಕಣ್ಣಿಗೆ ಒತ್ತಿದಂಗ. ಯಾವುದು ಎಲ್ಲಿ ಮುಗೀತದ ತಿಳಿಯೂದಿಲ್ಲ."

ನಾನು ತಂಬಿಗೆ ಹಿಡಿದು ಇದು ಏನು ಅಂದೆ. ಬಹಳ ಹೊತ್ತು ನೋಡಿದಳು. ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೈ ಚಾಚಿ ಮುಟ್ಟಿದಳು. "ಅಯ್ಯ, ತಂಬಿಗೀ! ಇದು ಹಿಂಗಿರ್ತದೇನ?" ಅಂತ ನಕ್ಕಳು. ಅದನ್ನೇ ಬಗ್ಗಿಸಿ ಬಾಯಿಯ ಕಡೆಯಿಂದ ತೋರಿಸಿದೆ. "ಇದು ಬ್ಯಾರೆ," ಅಂದಳು.

ಹೀಗೆ ದಿನ ಹೋದವು. ಅಂಗಳದಲ್ಲಿ ಕಂಬದ ನೆರಳು ಬಿದ್ದಿದ್ದರೆ ಸೀರೆ ಎತ್ತಿ, ಹೊಸ್ತಿಲು ದಾಟುವ ಹಾಗೆ ಕಾಲು ಎತ್ತಿಟ್ಟು ದಾಟುತ್ತಿದ್ದಳು. ಗೋಡೆಯ ಮೇಲಿನ ದೇವರ ಪಟವನ್ನು ಬೆರಳಿನಿಂದ ಸವರಿ, "ಮೂಗು ಎಲ್ಲದ? ಸಪಾಟು ಅದಲ್ಲ!" ಅಂತ ಬೆಚ್ಚಿದಳು. ಒಂದು ಬೆಳಿಗ್ಗೆ ಕಾಕಾ ಕಚೇರಿಗೆ ಹೊರಟು ಬೋಳದಲ್ಲಿ… ಬೋಳ ಅಂದರೆ ವಾಡೆಯ ಮುಂದಿನ ಸಂದಿ… ನಡೆಯುತ್ತ ಹೋದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಚೀರಿದಳು. "ಅಪ್ಪಾ ಸಣ್ಣ ಆಗ್ಲಿಕ್ಕತ್ತಾನ! ಯಾರರೆ ಹಿಡೀರಿ!" ವಾಡೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಂಜೆ ಕಾಕಾ ಮನೆಗೆ ಬಂದ ಮೇಲೆ ಅವರ ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು, ಇದ್ದಷ್ಟೇ ಇದ್ದಾರೋ ಇಲ್ಲವೋ ಅಂತ.

ಕೆಲಸವೆಲ್ಲ ಕೆಟ್ಟಿತು. ಬೆಂಕಿಯ ಮುಂದೆ ಕಣ್ಣು ತೆರೆದು ಕೂತು ಕೈ ಸುಟ್ಟುಕೊಂಡಳು. ಅಕ್ಕಿಯ ಮೊರ ಮುಂದಿಟ್ಟುಕೊಂಡರೆ ಎಲ್ಲ ಬಿಳಿ, ಹರಳು ಯಾವುದೋ ಕಾಳು ಯಾವುದೋ. ಕಣ್ಣು ಮುಚ್ಚಿದರೆ ಮತ್ತೆ ಎಲ್ಲ ಮೊದಲಿನ ಹಾಗೆ. ಆದರೆ ಕಾಕೂ ಮುಚ್ಚಲು ಬಿಡುತ್ತಿರಲಿಲ್ಲ. ದೇವರು ಕೊಟ್ಟದ್ದನ್ನು ಒದೆಯುತ್ತೀಯಾ ಅಂತ ಬೈಯುತ್ತಿದ್ದಳು. ಮುಚ್ಚಿ ಮುಚ್ಚಿ ರೂಢಿಯಾದರೆ ನೋಡಲು ಬಂದವರ ಮುಂದೆಯೂ ಮುಚ್ಚುತ್ತಾಳೆ ಅನ್ನುವ ಭಯ ಅವಳಿಗೆ.

ಅಕ್ಕ ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದೆ. ಒಂದೇ ಹಿಡಿ, ಉಳಿದದ್ದು ಬಿಡು. ಸಂಜೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ದಿನಕ್ಕೊಂದು ವಸ್ತು. ಕೊಡ. ಪೊರಕೆ. ತುಳಸಿ. ಮೆಲ್ಲಗೆ ಹಿಡಿದಳು. ಮನುಷ್ಯರು ಮಾತ್ರ ಸಿಗಲಿಲ್ಲ. ಮುಖ ಅನ್ನುವುದು ಅವಳಿಗೆ ಕೊನೆಯವರೆಗೂ ಹತ್ತಲಿಲ್ಲ. ನಕ್ಕರೆ ಒಂದು ಆಗುತ್ತದೆ, ಮಾತಾಡಿದರೆ ಇನ್ನೊಂದಾಗುತ್ತದೆ, ನೀರಿನ ಹಾಗೆ ನಿಲ್ಲುವುದೇ ಇಲ್ಲ ಅನ್ನುತ್ತಿದ್ದಳು. ಕಡೆಗೆ ಒಂದು ದಿನ ತಾನೇ ಒಂದು ದಾರಿ ಹುಡುಕಿಕೊಂಡು ಓಡಿ ಬಂದಳು.

"ಸಿಕ್ತು ನೋಡು! ಗಂಡಸರಿಗೆ ಮ್ಯಾಲ ಕೆಂಪು ಇರ್ತದ, ಕೆಳಗ ಬಿಳಿ. ಹೆಂಗಸರು ತಲಿಯಿಂದ ಕಾಲತನಕ ಒಂದ ಬಣ್ಣ."

ನಾನೂ ನೋಡಿದೆ. ಹೌದಲ್ಲ! ಪಗಡಿ ಕೆಂಪು, ಅಂಗಿ ಧೋತರ ಉತ್ತರೀಯ ಬಿಳಿ. ಕಣ್ಣಿದ್ದು ನಾನು ಎಂದೂ ಹಾಗೆ ನೋಡಿರಲಿಲ್ಲ. ಅಂದಿನಿಂದ ಅವಳು ಅಂಗಳದಲ್ಲಿ ಹಾದುಹೋಗುವ ಹಿರಿಯ ಗಂಡಸರಿಗೆಲ್ಲ ತಡವರಿಸದೆ ದಾರಿ ಬಿಡತೊಡಗಿದಳು. ಕಾಕೂಗೆ ಸಮಾಧಾನವಾಯಿತು. ಮಗಳಿಗೆ ಕಣ್ಣು ಹೊಂದಿತು ಅಂತ ಮದುವೆಯ ಮಾತು ಎತ್ತಿದಳು.

ಪುಣೆಯ ಹತ್ತಿರದ ಭೋರ್ ಸಂಸ್ಥಾನದಲ್ಲಿ ನೆಲೆಸಿದ್ದ ನಮ್ಮ ಕಡೆಯವರಿಂದ ಸಂಬಂಧ ಬಂತು. ಎರಡನೆಯ ಮದುವೆಯ ವರ. ಮೊದಲ ಹೆಂಡತಿ ಪ್ಲೇಗಿನಲ್ಲಿ ಹೋಗಿದ್ದಳು. ಮಕ್ಕಳಿಲ್ಲ. ಮನೆಯಲ್ಲಿ ದೊಡ್ಡಪ್ಪನ ಕಾರುಬಾರು. ಕಣ್ಣಿನ ಬೇನೆ ಇತ್ತು, ಔಷಧವಾಗಿದೆ, ಚಷ್ಮಾ ಹಾಕುತ್ತಾಳೆ, ಅಷ್ಟು ಹೇಳಿದ್ದರು. ಹುಟ್ಟುಕುರುಡಿಯಾಗಿದ್ದಳು ಅಂತ ಹೇಳಿರಲಿಲ್ಲ. ಮಧ್ಯಸ್ತಿಕೆಯವನು ಅದು ಬೇಡ ಅಂದಿದ್ದನಂತೆ. ಇದು ಹೋದರೆ ಇನ್ನೊಂದು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

"ನಿಂಗ ಮನಸದೇನ?" ಅಂತ ಕೇಳಿದೆ.

"ಅದಪಾ. ನಂದೂ ಒಂದು ಒಲಿ ಬ್ಯಾಡೇನ? ಇಲ್ಲಿ ಎಷ್ಟು ದಿನ ಅವ್ವನ ಹೊಗಿ ಕುಡೀಲಿ?"

ಅಂದರೆ ಬೇಕಿತ್ತು ಅವಳಿಗೆ. ಇದನ್ನು ಮರೆಯಬಾರದು.

ಚೈತ್ರದ ಬಿಸಿಲು. ಬಂದವರು ಮೂವರು. ದೊಡ್ಡಪ್ಪ, ವರ, ಮಧ್ಯಸ್ತಿಕೆಯವನು. ಸೆಕೆಯೆಂದು ಪಗಡಿ ತೆಗೆದು ಪಡಸಾಲೆಯ ಗೂಟಗಳಿಗೆ ಹಾಕಿ, ಉತ್ತರೀಯ ಅದರ ಕೆಳಗೆ ಇಳಿಬಿಟ್ಟು, ಬೋಳುತಲೆ ಒರೆಸಿಕೊಂಡು ಕಿಟಕಿಯ ಕೆಳಗಿನ ಗಾದಿಯ ಮೇಲೆ ಕೂತರು. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಕಾಕೂ ಅಕ್ಕನ ಸೆರಗು ಸರಿಮಾಡುತ್ತ ಪಿಸುಗುಟ್ಟಿದಳು.

"ಹಿರೇರಿಗೆ ಮೊದಲ ನಮಸ್ಕಾರ. ಕಣ್ಣು ಮುಚ್ಚಿದ್ಯೋ, ನೋಡು! ಸತ್ರೂ ಮುಚ್ಚಬ್ಯಾಡ."

ಅಕ್ಕ ಹೋದಳು. ಕಣ್ಣು ಅಗಲವಾಗಿ ತೆರೆದಿದ್ದಳು. ಗಾದಿಯ ಮುಂದಿನಿಂದಲೇ ಹಾದು, ಕೂತವರನ್ನು ದಾಟಿ, ನೇರ ಗೋಡೆಯ ಹತ್ತಿರ ಹೋದಳು. ಎಲ್ಲಕ್ಕಿಂತ ದೊಡ್ಡ ಪಗಡಿಯ ಕೆಳಗೆ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿದಳು. ಎದ್ದು ಎರಡನೆಯದಕ್ಕೆ ಮಾಡಿದಳು. ಆಮೇಲೆ ಮೂರನೆಯದಕ್ಕೆ.

ಮ್ಯಾಲ ಕೆಂಪು, ಕೆಳಗ ಬಿಳಿ. ನನಗೆ ಕೂಡಲೇ ತಿಳಿಯಿತು. ಕಾಕೂಗೂ ತಿಳಿಯಿತು. ಸೆರಗು ಬಾಯಿಗೆ ತುರುಕಿಕೊಂಡಳು. 

ದೊಡ್ಡಪ್ಪ ತೊಡೆ ಬಡಿದರು.

"ವ್ಹಾ! ನೋಡ್ರಿ, ನೋಡ್ರಿ ಇಲ್ಲೆ! ಇದಕ್ಕ ಅಂತಾರ ಮನೆತನ! ಆ ಪಗಡಿ ಸಂಸ್ಥಾನದಿಂದ ನಮ್ಮಜ್ಜಗ ಬಂದದ್ದರೀ. ನಮ್ಮ ಮನ್ಯಾಗಿನ ಮಂದಿ ಅದರ ಮ್ಯಾಲ ಒಗದ ಬಟ್ಟಿ ಹಾಕ್ತಾರ. ಈ ಹುಡುಗಿ ನೋಡ್ರಿ, ತಲಿಗಿಂತ ಮೊದಲ ಮಾನಕ್ಕ ನಮಸ್ಕಾರ! ಯಾರು ಹೇಳಿಕೊಟ್ರು ಇಕೀಗೆ?"

ಕಾಕಾ ಕೆಮ್ಮಿದರು. ಗೋಡೆ ನೋಡಿದರು. "ಸಂಸ್ಕಾರ ರೀ," ಅಂದರು.

"ನಾ ಮೊದಲ ಹೇಳಿದ್ನಿಲ್ಲೋ?" ಅಂದ ಮಧ್ಯಸ್ತಿಕೆಯವನು.

ದೊಡ್ಡಪ್ಪ ಪಗಡಿಯ ಕಥೆ ಹೇಳಲು ಕೂತರು. ಅಜ್ಜ ಏನು ಮಾಡಿದ್ದ, ಸಂಸ್ಥಾನದವರು ಏನಂದರು, ದರಬಾರಿನಲ್ಲಿ ಯಾರು ಯಾರು ಹೊಟ್ಟೆಕಿಚ್ಚು ಪಟ್ಟರು. ಕಥೆಯ ನಡುವೆಯೇ, "ನಂಗ ಪಸಂತ ಅದ. ಇವತ್ತ ಸಕ್ಕರಿ ಹಂಚಿಬಿಡ್ರಿ," ಅಂದರು. 

ಅಕ್ಕ ಒಳಗೆ ಬಂದಳು. ಮುಖ ಅರಳಿತ್ತು.

"ಛಲೋ ಆತಲ್ಲ? ಹಿರೇರು ಭಾಳ ಖುಷಿ ಆದ್ರು. ಮೂರೂ ಮಂದಿ ಸಾಲಾಗಿ ನಿಂತಿದ್ರು, ತಡಾ ಆಗಲಿಲ್ಲ."

"ಅವು ಪಗಡಿ ಅಕ್ಕಾ," ಅಂದೆ. "ಗೂಟಕ್ಕ ಹಾಕ್ಯಾರ. ಮಂದಿ ಗಾದಿ ಮ್ಯಾಲ ಕೂತಾರ."

ಅವಳಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನೂ ನಕ್ಕೆ. ನಗುತ್ತಿದ್ದವಳು ಒಮ್ಮೆಲೆ ನಿಂತಳು.

"ಮತ್ತ ಅವರ್ಯಾಕ ಖುಷಿ ಆದ್ರು?"

ಹೇಳಿದೆ. ನೀನು ಮಾನಕ್ಕೆ ನಮಸ್ಕಾರ ಮಾಡಿದೆ ಅಂತ ತಿಳಿದಿದ್ದಾರೆ ಅಂತ.

"ಅಂದ್ರ ಅವರಿಗೂ ಕಾಣಸ್ಲಿಲ್ಲ," ಅಂದಳು.

ಕಾಕೂ ಆಗಲೇ ಸಕ್ಕರೆಯ ಡಬ್ಬಿ ಇಳಿಸುತ್ತಿದ್ದಳು.  ದೇವರು ದೊಡ್ಡವನು, ದೇವರು ದೊಡ್ಡವನು ಅನ್ನುತ್ತಿದ್ದಳು. ಅಕ್ಕ ಅವಳ ಹತ್ತಿರ ಹೋದಳು.

"ಅವ್ವಾ, ಅಲ್ಲೆ ಹೋದಮ್ಯಾಲ ನಾ ಕಣ್ಣು ಮುಚ್ಚಿ ಅಡಿಗಿ ಮಾಡಬಹುದೇನ?"

"ಹುಚ್ಚೀ! ಆ ಮಾತು ಬಾಯಾಗ ತರಬ್ಯಾಡ. ಕಂಡ್ರಂದ್ರ ಮರುದಿನಾ ತಂದು ಬಿಟ್ಟು ಹೋಗ್ತಾರ."

"ಹಂಗಾದ್ರ ಇರೂ ತನಕ ಕಣ್ಣು ತಕ್ಕೊಂಡ ಇರಬೇಕು."

"ಎಲ್ಲಾರೂ ತಕ್ಕೊಂಡ ಇರ್ತಾರವಾ. ನೀ ಏನು ದೊಡ್ಡಕಿ?"

ಅಕ್ಕ ಫಳಾರದ ತಟ್ಟೆಗಳನ್ನು ಹರಿವಾಣದಲ್ಲಿ ಇಟ್ಟುಕೊಂಡಳು. ಚಷ್ಮಾ ತೆಗೆದು ಗೂಡಿನಲ್ಲಿಟ್ಟಳು. ಕಣ್ಣು ಮುಚ್ಚಿದಳು. ಕಾಕೂ ಸಕ್ಕರೆಯ ಡಬ್ಬಿಯಿಂದ ತಲೆ ಎತ್ತುವಷ್ಟರಲ್ಲಿ ಅವಳು ಹೊರಗೆ ಹೋಗಿಯಾಗಿತ್ತು.

ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಎಡವಲಿಲ್ಲ. ತನ್ನ ಮನೆ ಅದು. ಕಥೆ ಹೇಳುತ್ತಿದ್ದ ದನಿಯ ಮುಂದೆ ಕೂತು ಮೊದಲ ತಟ್ಟೆ ಇಟ್ಟಳು.

"ಹಿರೇರ, ಒಂದು ಮಾತು ಹೇಳ್ತೀನ್ರಿ. ನಾ ಪಗಡಿಗೆ ಮಾಡಿದ್ದು ಮಾನ ಅಂತಲ್ರಿ. ಅದ ನೀವ ಅಂತ ತಿಳಕೊಂಡೆ. ನಾ ಹುಟ್ಟ ಕುರುಡಿ. ಕಣ್ಣು ಬಂದು ವರ್ಷ ಆಗಿಲ್ಲ. ಕಾಣತದ, ಆದ್ರ ಏನು ಕಾಣತದ ಅಂತ ಇನ್ನೂ ತಿಳಿಯೂದಿಲ್ಲ. ಕಣ್ಣು ಮುಚ್ಚಿದ್ರ ಅಡಿಗಿ ಮಾಡ್ತೀನಿ, ಮನಿ ನಡಸ್ತೀನಿ, ಯಾವುದಕ್ಕೂ ಕಡಿಮಿ ಮಾಡೂದಿಲ್ಲ. ನಡೀತದಂದ್ರ ಬರ್ತೀನ್ರಿ."

ಹೇಳಿ, ಈ ಸಲ ಮನುಷ್ಯನ ಕಾಲಿಗೆ ನಮಸ್ಕಾರ ಮಾಡಿದಳು.

ದೊಡ್ಡಪ್ಪನಿಗೆ ಕುರುಡು ಅಷ್ಟು ತಾಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅಷ್ಟು ಹೊತ್ತು ಹೇಳಿದ ಕಥೆ ತಾಗಿತು. ಮುಖ ಪಗಡಿಗಿಂತ ಕೆಂಪಾಯಿತು. ಎದ್ದರು. ಗೂಟದಿಂದ ಪಗಡಿ ತೆಗೆದು ಧೂಳಿಲ್ಲದಿದ್ದರೂ ಝಾಡಿಸಿ ತಲೆಗೆ ಇಟ್ಟುಕೊಂಡರು. ಕಾಕಾನಿಗೆ, "ಕಣ್ಣಿನ ಬ್ಯಾನಿ ಅಂದಿದ್ರಿ," ಅಂದರು, ಅಷ್ಟೇ. ಮಧ್ಯಸ್ತಿಕೆಯವನು ಅವರ ಹಿಂದೆ ಓಡಿದ. ವರ ಕೊನೆಗೆ ಎದ್ದರು. ಅಕ್ಕನ ಮುಂದೆ ನಿಂತು ಏನೋ ಹೇಳಲು ಬಾಯಿ ತೆಗೆದರು… ಹೊರಗಿನಿಂದ ಕೂಗು ಬಂತು. ಹೋದರು. ಗಡಿಬಿಡಿಯಲ್ಲಿ ಉತ್ತರೀಯ ಗೂಟದ ಮೇಲೇ ಉಳಿಯಿತು. ಎಷ್ಟೋ ದಿನ ಅದು ಅಲ್ಲೇ ಇತ್ತು. ಯಾರೂ ಕೇಳಿಕೊಂಡು ಬರಲಿಲ್ಲ. ಕಡೆಗೆ ಕಾಕೂ ಅದನ್ನು ಒಗೆದು, ಹರಿದು, ಶ್ರೀಖಂಡಕ್ಕೆ ಮೊಸರು ಕಟ್ಟುವ ಅರಿವೆ ಮಾಡಿದಳು. ಒಳ್ಳೆಯ ನೇಯ್ಗೆ, ಮೊಸರಿನ ನೀರು ಛಲೋ ಸೋರುತ್ತಿತ್ತು.

ಕಾಕೂ ಮಗಳ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂಡ ತಟ್ಟೆ ಬಡಿದು ಕರೆಯುತ್ತಿದ್ದಳು. ವಾಡೆಯ ಹೆಂಗಸರು ತೊಟ್ಟಿಯ ಹತ್ತಿರ ಅವಳನ್ನು ಪಗಡಿಯ ಹೆಂಡತಿ ಅಂತ ಕರೆದರು. ನನಗೂ ಸಿಟ್ಟೇ ಬಂದಿತ್ತು. ಬಾಯಿ ಮುಚ್ಚಿದ್ದರೆ ಆಗುವುದು ಆಗಿಹೋಗುತ್ತಿತ್ತು. ಎಲ್ಲರೂ ಏನೋ ಒಂದು ಮುಚ್ಚಿಯೇ ಗಂಡನ ಮನೆಗೆ ಹೋಗುತ್ತಾರೆ. ಹಾಗಂತ ಅವಳಿಗೇ ಅಂದೆ.

"ಅವರು ನೋಡಿದ ಹುಡುಗಿ ನಾ ಅಲ್ಲಲ್ಲ," ಅಂದಳು. "ಅಕೀ ಹಂಗ ನಟಸ್ಕೋತ ಎಷ್ಟು ದಿನ ಇರ್ಲಿ? ಕಣ್ಣಿನ ಗದ್ದಲನ ನಂಗ ಸಾಕಾಗೇದ."

ಆಗ ಹುಚ್ಚಿ ಅನ್ನಿಸಿದಳು. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ.

ತಂಗಿಯ ಮದುವೆ ತಡವಾಯಿತು, ಆದರೂ ಆಯಿತು. ಅಕ್ಕನದು ಆಗಲಿಲ್ಲ. ಆ ದಿನದ ಮೇಲೆ ಅವಳು ಕೆಲಸಕ್ಕೆ ಕೂತರೆ ಚಷ್ಮಾ ಗೂಡಿನಲ್ಲಿ, ಕಣ್ಣು ಮುಚ್ಚಿ. ಯಾರ ಮಾತೂ ಕೇಳಲಿಲ್ಲ. ಕಾಕೂ ಕೂಡ ಮೆಲ್ಲಗೆ ಸುಮ್ಮನಾದಳು, ಭಕ್ಕರಿ ಮತ್ತೆ ಸರಿಯಾಗಿ ಬೇಯತೊಡಗಿತಲ್ಲ. ಸಂಜೆ ಮಾತ್ರ ಚಷ್ಮಾ ಹಾಕಿಕೊಂಡು ತೊಟ್ಟಿಯ ಕಟ್ಟೆಗೆ ಬರುತ್ತಿದ್ದಳು. "ಇವತ್ತು ಏನು ನೋಡೂಣು?" ಅನ್ನುತ್ತಿದ್ದಳು. ಬೇರೆಯವರು ಹರಟೆಗೆ ಕೂಡುವ ಹಾಗೆ ಅವಳು ನೋಡಲು ಕೂಡುತ್ತಿದ್ದಳು. ಅದು ಮುಗಿದ ಮೇಲೆ ತೆಗೆದಿಡುತ್ತಿದ್ದಳು.

ಒಮ್ಮೆ ಅವಳನ್ನು ಊರಂಚಿನ ಪರ್ವತಿ ಗುಡ್ಡದ ಗುಡಿಗೆ ಕರೆದುಕೊಂಡು ಹೋಗಿದ್ದೆ. ಆಗ ನನ್ನ ಹಿರಿಯ ಮಗ ಕಂಕುಳಲ್ಲಿ. ಮೆಟ್ಟಿಲು ಕಣ್ಣು ಮುಚ್ಚಿ ಹತ್ತಿದಳು. ಮೇಲೆ ಹೋಗಿ ದೇವರ ದರ್ಶನವಾದ ಮೇಲೆ ಕಟ್ಟೆಯ ಹತ್ತಿರ ನಿಂತು ಚಷ್ಮಾ ಹಾಕಿಕೊಂಡಳು. ಕೆಳಗೆ ಊರು. ಹಂಚಿನ ಮಾಡುಗಳು, ಗಿಡಗಳು, ನದಿ, ಹೊಗೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಲೆ ತಿರುಗಿಸಿದಳು.

"ನಿಮಗ ಇದೆಲ್ಲಾ ಒಮ್ಮೆಲೆ ಕಾಣತದೇನ?"

"ಹೌದಲ್ಲ."

"ನಂಗ ಯಾವಾಗಲೂ ಒಂದರ ಹಿಂದ ಒಂದು ಬರ್ತಾವ. ಗೋಡಿ, ಆಮ್ಯಾಲ ಬಾಗಲಾ, ಆಮ್ಯಾಲ ಕಟ್ಟಿ. ನಿಮಗ ಎಲ್ಲಾ ಕೂಡೇ ಬಂದು ನಿಂದರ್ತಾವ. ತ್ರಾಸ ಆಗೂದಿಲ್ಲೇನ?"

 ಅದರ ಬಗ್ಗೆ ಯಾರು ಯೋಚನೆ ಮಾಡುತ್ತಾರೆ. ಕೂಸು ಅಳುತ್ತಿತ್ತು, ಬಿಸಿಲು ಏರುತ್ತಿತ್ತು. ಇಳಿಯೋಣ ಅಂದೆ. ಅವಳು ಇನ್ನೂ ನಿಂತಿದ್ದಳು… ನೋಡುತ್ತಿದ್ದಳೋ, ಸುಮ್ಮನೆ ಗಾಳಿಗೆ ನಿಂತಿದ್ದಳೋ.

ಆ ದೊಡ್ಡ ಜ್ವರದ ವರ್ಷ, ಮೊದಲ ಯುದ್ಧ ಮುಗಿಯುವ ಹೊತ್ತಿಗೆ, ವಾಡೆಯಲ್ಲಿ ಮನೆಗೊಬ್ಬರು ಹೋದರು. ನಾನು ತವರಿಗೆ ಹೋಗಿದ್ದೆ. ತಿರುಗಿ ಬಂದಾಗ ಅಕ್ಕ ಇರಲಿಲ್ಲ. ಗೂಡಿನಲ್ಲಿ ಚಷ್ಮಾ ಇತ್ತು. ಅವಳು ಹೋಗುವಾಗ ಕಣ್ಣು ತೆರೆದಿತ್ತೋ ಮುಚ್ಚಿತ್ತೋ ಅಂತ ಕಾಕೂನನ್ನು ಕೇಳಬೇಕು ಅನ್ನಿಸಿತು. ಅವಳ ಮುಖ ನೋಡಿ ಕೇಳಲಿಲ್ಲ. ಈಗ ಕೇಳಲು ಕಾಕೂ ಇಲ್ಲ.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ನಿನ್ನೆ ಸಂಜೆ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ತರಲೆಂದು ಒಳಕೋಣೆಗೆ ಹೋದೆ. ಯಜಮಾನರು ಗೋಡೆಯ ಹತ್ತಿರ ನಿಂತಿದ್ದರು. ನನ್ನ ಕೈ ತಾನೇ ಎದ್ದು ಸೆರಗನ್ನು ತಲೆಯ ಮೇಲೆ ಎಳೆಯಿತು. "ಯಾವಾಗ ಬಂದ್ರಿ?" ಅಂತ ಬಾಯಿಂದ ಬಂದೇಬಿಟ್ಟಿತು. ಅವರು ಹೋಗಿ ಹನ್ನೊಂದು ವರ್ಷ.

ಮೇಲೆ ಕೆಂಪು, ಕೆಳಗೆ ಬಿಳಿ.

ಇದನ್ನು ಹೇಳುವುದಾದರೆ ಒಬ್ಬಳೇ ಒಬ್ಬಳಿಗೆ, ಅಕ್ಕನಿಗೆ, ಹೇಳಬೇಕಿತ್ತು. ಅಂಗಳ ದಾಟಿ ಹೋಗಿ ಹೇಳಿದ್ದರೆ ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಎದುರು ಮನೆಯಲ್ಲಿ ಈಗ ಯಾರೋ ಸೈಕಲ್ ಬಾಡಿಗೆಗೆ ಕೊಡುವವರು ಇದ್ದಾರೆ. ಅವರ ಹೆಸರೂ ನನಗೆ ಗೊತ್ತಿಲ್ಲ.

ನಾಳೆ ನಾಟಕದವರು ಬರುತ್ತಾರೆ. ಗೂಟ ಖಾಲಿಯಾಗುತ್ತದೆ. ನಿನ್ನೆ ಮಾತ್ರ, ಪಗಡಿ ಅಂತ ತಿಳಿದ ಮೇಲೂ ಸೆರಗು ಇಳಿಸಲಿಲ್ಲ. ಹಾಗೇ ಹೊದ್ದುಕೊಂಡು ದೀಪ ಹಚ್ಚಿದೆ.